ಜೀವಕೋಶಗಳ ನೆರೆಹೊರೆಯ ನಕ್ಷೆ

ಐರ್ಲೆಂಡ್ ಮೂಲದ ಚಾರಿಟಿ ಸಭೆಯ ಧರ್ಮಭಗಿನಿಯರು 1857ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಂತ ವಿನ್ಸೆಂಟರ ಆಸ್ಪತ್ರೆಯನ್ನು ತೆರೆದರು. ಅದರ ಸಂಶೋಧನಾ ವಿಭಾಗವಾಗಿ ಆರಂಭಗೊಂಡುದೇ ಇಂದಿನ ಗಾರ್ವನ್ ಸಂಸ್ಥೆ. ಅಲ್ಲಿನ ಅಲೆಕ್ಸ್ ಸ್ವಾರ್‌ಬ್ರಿಕ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಸ್ತನ ಕ್ಯಾನ್ಸರಿನ ನಕ್ಷೆಯ ಕುರಿತು ನಮ್ಮ ಕುಟುಂಬಗಳೂ ಅರಿಯಬೇಕು.

ಗಡ್ಡೆಯ ತುಣುಕನ್ನು ಒಟ್ಟಾಗಿ ಅರೆದು ಪರೀಕ್ಷಿಸಿದರೆ ದೊರೆಯುವುದು ಸರಾಸರಿ ಚಿತ್ರ ಮಾತ್ರ. ಈ ತಂಡವು 26 ಗಡ್ಡೆಗಳ 1,30,000ಕ್ಕೂ ಮಿಕ್ಕಿದ ಜೀವಕೋಶಗಳನ್ನು ಬಿಡಿಬಿಡಿಯಾಗಿಸಿ, ಒಂದೊಂದರಲ್ಲಿಯೂ ಯಾವ ವಂಶವಾಹಿಗಳು ಕ್ರಿಯಾಶೀಲವಾಗಿವೆಯೆಂದು ಪರಿಶೀಲಿಸಿತು. ಬಿಡಿಸಿದ ಕೋಶವು ಮೊದಲು ಎಲ್ಲಿತ್ತೆಂದು ತಿಳಿಯದು. ಆದುದರಿಂದ ಕೆಲವು ಗಡ್ಡೆಗಳ ತೆಳು ಪದರಗಳನ್ನು ಹಾಗೆಯೇ ಇರಿಸಿಕೊಂಡು, ಯಾವ ಕೋಶದ ಬಳಿ ಯಾವುದಿದೆಯೆಂದೂ ಗುರುತಿಸಿತು. ಕ್ಯಾನ್ಸರ್ ಕೋಶಗಳು, ರೋಗನಿರೋಧಕ ಕೋಶಗಳು, ಅವುಗಳಿಗೆ ಆಸರೆಯಾದ ಕೋಶಗಳು ಕೂಡಿಕೊಂಡಿರುವ ಬಗೆಯನ್ನು ಅನುಸರಿಸಿ ಈ ರೋಗವನ್ನು 9 ಗುಂಪುಗಳಾಗಿ ವಿಂಗಡಿಸಬಹುದೆಂದು ಕಂಡುಬಂದಿತು. ಒಬ್ಬರಿಗೆ ಫಲಿಸಿದ ಔಷಧ ಮತ್ತೊಬ್ಬರಿಗೇಕೆ ಫಲಿಸದು ಎಂಬುದನ್ನು ಅರಸಲು ಇದು ನೆರವಾಗುತ್ತದೆ.

ಆದರೆ ಎಂತಹ ಸಂಶೋಧನೆಯೂ ಮುಚ್ಚಿಟ್ಟ ಗಂಟನ್ನು ಕಾಣಲಾರದು. ಸ್ತನರೋಗಿಗಳ ಪಾಲಕಿಯಾದ ಸಂತ ಆಗಾತಳಲ್ಲಿ ಮೊರೆಯಿಡುವ ನಮ್ಮ ಮನೆಗಳಲ್ಲಿಯೂ ತಾಯಂದಿರು ಸಂಕೋಚದಿಂದ ತಿಂಗಳುಗಟ್ಟಲೆ ಸುಮ್ಮನಿರುವುದುಂಟು. ಬೇಗನೆ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಪ್ರಾರ್ಥನೆಯು ವೈದ್ಯರ ಬಳಿಗೆ ಹೋಗುವ ಧೈರ್ಯವನ್ನು ನೀಡಲಿ. ಪತಿಯೂ ಮಕ್ಕಳೂ ಜೊತೆಗೂಡಲಿ. ತಮ್ಮ ನೋವಿನ ನಡುವೆಯೂ ಪರರ ಹಿತಕ್ಕಾಗಿ ಗಡ್ಡೆಯ ತುಣುಕನ್ನಿತ್ತ ಆ ಅಪರಿಚಿತ ರೋಗಿಗಳನ್ನು ಇಂದಿನ ಜಪಸರದಲ್ಲಿ ನೆನೆಯೋಣ.