ಹಳೆಯ ಗೇಮ್ ಕನ್ಸೋಲ್‌ಗಳ ಮಾರ್ಪಾಡು: ದುರಸ್ತಿಗಾರರು ಮತ್ತು ವರ್ತಕರು ತಿಳಿದಿರಬೇಕಾದ ಅಂಶಗಳು

ಜಪಾನಿನ ಸೋನಿ ಸಂಸ್ಥೆಯು 2000ದ ಮಾರ್ಚ್ ತಿಂಗಳಿನಲ್ಲಿ ಸ್ವದೇಶದ ಮಾರುಕಟ್ಟೆಗೆ ತಂದ ಪ್ಲೇಸ್ಟೇಷನ್ 2 ಗೇಮ್ ಕನ್ಸೋಲ್, ಜಗತ್ತಿನಾದ್ಯಂತ 15 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. 2013ರ ಆರಂಭದ ವೇಳೆಗೆ ಅದರ ತಯಾರಿಕೆಯು ನಿಂತುಹೋಯಿತು. ಆದರೆ ಹಳೆಯ ಯಂತ್ರಗಳ ಕ್ರಯ-ವಿಕ್ರಯ ಮತ್ತು ದುರಸ್ತಿ ನಿಂತಿಲ್ಲ. ಡಿಸ್ಕ್ ಓದುವ ಲೇಸರ್ ಭಾಗ ಸವೆದುಹೋದ ಯಂತ್ರವನ್ನು ಪೆನ್ ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಮೂಲಕ ನಡೆಯುವಂತೆ ಮಾರ್ಪಡಿಸಿಕೊಡುವುದು ಇಂತಹ ದುರಸ್ತಿಯ ಒಂದು ವಿಧ. ಈ ಕೆಲಸವು ಎಲ್ಲಿಯವರೆಗೆ ದುರಸ್ತಿ, ಎಲ್ಲಿಂದ ಅಪರಾಧ ಎಂಬುದನ್ನು ಅರಿಯದೆ ವ್ಯವಹರಿಸುವ ವರ್ತಕನು ಸಣ್ಣ ಲಾಭಕ್ಕಾಗಿ ದೊಡ್ಡ ಹೊಣೆಯನ್ನು ತಲೆಯ ಮೇಲೆ ಎಳೆದುಕೊಂಡಂತಾಗುತ್ತದೆ.

ಮಾರ್ಪಾಡಿನ ಸ್ವರೂಪ

ಮೂಲ ಯಂತ್ರವು ಸಿ.ಡಿ. ಅಥವಾ ಡಿ.ವಿ.ಡಿ.ಯಿಂದ ಆಟವನ್ನು ಓದುತ್ತದೆ. ಡಿಸ್ಕ್ ಅಸಲಿಯೇ ಎಂಬುದನ್ನು ಅರಿಯಲು ತಯಾರಕರು ಅದರಲ್ಲಿ ವಿಶೇಷ ಗುರುತೊಂದನ್ನು ಅಳವಡಿಸಿರುತ್ತಾರೆ. ಸಾಮಾನ್ಯ ಕಂಪ್ಯೂಟರಿನಲ್ಲಿ ನಕಲು ಮಾಡಿದ ಡಿಸ್ಕ್‌ನಲ್ಲಿ ಈ ಗುರುತು ಮೂಡುವುದಿಲ್ಲ. ಯಂತ್ರವು ಅಂತಹ ಡಿಸ್ಕನ್ನು ತಿರಸ್ಕರಿಸುತ್ತದೆ.

ಈ ತಡೆಯನ್ನು ದಾಟಲು ಮೊದಲಿಗೆ ಯಂತ್ರದೊಳಗೆ ಮಾಡ್‌ಚಿಪ್ ಎಂಬ ಬಿಡಿಭಾಗವನ್ನು ಬೆಸುಗೆ ಹಾಕುವ ಪದ್ಧತಿಯಿತ್ತು. ನಂತರ ಫ್ರೀ ಮ್ಯಾಕ್‌ಬೂಟ್ ಎಂಬ ತಂತ್ರಾಂಶ ಬಂದಿತು. ಇದನ್ನು ಮೆಮೊರಿ ಕಾರ್ಡ್‌ನಲ್ಲಿ ತುಂಬಿಸಿ ಯಂತ್ರಕ್ಕೆ ಜೋಡಿಸಿದರೆ, ಚಾಲನೆಯ ಸಮಯದಲ್ಲಿ ಯಂತ್ರವು ತಾನಾಗಿಯೇ ಅದನ್ನು ಓದಿಕೊಳ್ಳುತ್ತದೆ. ಯಂತ್ರವನ್ನು ಬಿಚ್ಚುವ ಅವಶ್ಯಕತೆಯಿಲ್ಲ. ಕೊನೆಯ ವರ್ಷಗಳಲ್ಲಿ ತಯಾರಾದ ಕೆಲವು ಯಂತ್ರಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ. ಬಳಿಕ ಓಪನ್ ಪಿ.ಎಸ್.2 ಲೋಡರ್ ಎಂಬ ಮತ್ತೊಂದು ತಂತ್ರಾಂಶದ ಮೂಲಕ ಆಟವನ್ನು ಬಾಹ್ಯ ಸಾಧನದಿಂದ ನಡೆಸಲಾಗುತ್ತದೆ. ಇದಕ್ಕೆ ಮೂರು ಮಾರ್ಗಗಳಿವೆ:

1. ಯು.ಎಸ್.ಬಿ. ಮಾರ್ಗ: ಇದು ಅಗ್ಗವಾದುದು, ಆದರೆ ನಿಧಾನ. ಈ ಯಂತ್ರದ ಯು.ಎಸ್.ಬಿ. 1.1 ದರ್ಜೆಯ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್, ಅಂದರೆ ಒಂದೂವರೆ ಮೆಗಾಬೈಟ್ ಮಾತ್ರ. ಯಂತ್ರದ ಡಿ.ವಿ.ಡಿ. ಭಾಗವು ಸೆಕೆಂಡಿಗೆ ಸುಮಾರು 5 ಮೆಗಾಬೈಟ್ ಓದಬಲ್ಲದು. ಆದುದರಿಂದ ಪೆನ್ ಡ್ರೈವ್‌ನಿಂದ ನಡೆಸುವಾಗ ಕೆಲವು ಆಟಗಳ ಚಲಿಸುವ ದೃಶ್ಯಗಳು ತಡೆದು ತಡೆದು ಬರುತ್ತವೆ. ಅಲ್ಲದೆ ಫ್ಯಾಟ್32 ಪದ್ಧತಿಯಲ್ಲಿ ಸಿದ್ಧಗೊಳಿಸಿದ ಡ್ರೈವ್‌ನಲ್ಲಿ 4 ಗಿಗಾಬೈಟ್ ಮೀರಿದ ಕಡತವನ್ನು ತುಂಡು ಮಾಡಿಯೇ ಇಡಬೇಕಾಗುತ್ತದೆ.

2. ಹಾರ್ಡ್ ಡಿಸ್ಕ್ ಮಾರ್ಗ: ದಪ್ಪ ಮಾದರಿಯ ಯಂತ್ರದ ಹಿಂಬದಿಯಲ್ಲಿ ನೆಟ್‌ವರ್ಕ್ ಅಡಾಪ್ಟರ್ ಜೋಡಿಸಿ ಹಾರ್ಡ್ ಡಿಸ್ಕ್ ಇಡಲು ಸ್ಥಳಾವಕಾಶವಿದೆ. ವೇಗದ ದೃಷ್ಟಿಯಿಂದ ಇದು ಉತ್ತಮ. 2004ರಲ್ಲಿ ಬಂದ ತೆಳು ಮಾದರಿಯಲ್ಲಿ ಈ ಸ್ಥಳವನ್ನು ತೆಗೆದುಹಾಕಲಾಯಿತು.

3. ಜಾಲ ಮಾರ್ಗ: ತೆಳು ಮಾದರಿಯಲ್ಲಿ ನೆಟ್‌ವರ್ಕ್ ಕಿಂಡಿಯು ಯಂತ್ರದಲ್ಲಿಯೇ ಇರುವುದರಿಂದ, ತಂತಿಯ ಮೂಲಕ ಮನೆಯ ಕಂಪ್ಯೂಟರಿನಲ್ಲಿರುವ ಆಟವನ್ನು ಓದಿಸಬಹುದು.

ಗ್ರಾಹಕರಲ್ಲಿ ಯಾವ ಮಾದರಿಯಿದೆ ಎಂಬುದನ್ನು ನೋಡದೆ ಕೆಲಸ ಒಪ್ಪಿಕೊಳ್ಳುವುದರಿಂದ ತಕರಾರುಗಳು ಉಂಟಾಗುತ್ತವೆ.

ಕಾನೂನಿನ ದೃಷ್ಟಿ

ಕಾಪಿರೈಟ್ ಕಾಯಿದೆ ಎಂದು ವ್ಯವಹಾರದಲ್ಲಿ ಕರೆಯಲಾಗುವ ಕೃತಿಸ್ವಾಮ್ಯ ಅಧಿನಿಯಮ, 1957ಕ್ಕೆ 2012ರಲ್ಲಿ ಮಾಡಲಾದ ತಿದ್ದುಪಡಿಯ ಮೂಲಕ ಕಲಂ 65ಎ ಸೇರ್ಪಡೆಯಾಯಿತು. ಇದರ ಪ್ರಕಾರ ಕೃತಿಸ್ವಾಮ್ಯದ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸುವುದು ಅಪರಾಧ. ಎರಡು ವರ್ಷಗಳವರೆಗೆ ಕಾರಾವಾಸ ಮತ್ತು ದಂಡ ವಿಧಿಸಬಹುದಾಗಿದೆ. ಇಲ್ಲಿ ‘ಉದ್ದೇಶ’ ಎಂಬ ಪದವೇ ಮುಖ್ಯವಾದುದು. ಅಧಿನಿಯಮವು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕಾಗಿ ರಕ್ಷಣೆಯನ್ನು ದಾಟುವುದಕ್ಕೆ ಅದೇ ಕಲಂ ಅವಕಾಶ ನೀಡುತ್ತದೆ.

ಆದರೆ ಈ ಅವಕಾಶಕ್ಕೆ ಒಂದು ಷರತ್ತಿದೆ. ಬೇರೊಬ್ಬರಿಗೆ ಈ ಕೆಲಸದಲ್ಲಿ ನೆರವಾಗುವವನು, ಅವರ ಹೆಸರು, ವಿಳಾಸ, ಗುರುತಿಗೆ ಬೇಕಾದ ಎಲ್ಲ ವಿವರಗಳು ಹಾಗೂ ಯಾವ ಉದ್ದೇಶಕ್ಕಾಗಿ ನೆರವು ನೀಡಲಾಯಿತು ಎಂಬುದರ ಪೂರ್ಣ ದಾಖಲೆಯನ್ನು ಇಡತಕ್ಕದ್ದು. ದುರಸ್ತಿ ಅಂಗಡಿಯ ಮಟ್ಟಿಗೆ ಇದರ ಅರ್ಥ ಒಂದು ರಿಜಿಸ್ಟರ್ ಎಂದೇ ಆಗುತ್ತದೆ. ಮುಂದೆ ಪ್ರಶ್ನೆ ಎದ್ದಾಗ ಅಂಗಡಿಯವನ ಸದುದ್ದೇಶಕ್ಕೆ ಈ ರಿಜಿಸ್ಟರೇ ಸಾಕ್ಷಿ.

ಇನ್ನು ಆಟದ ಪ್ರತಿಗೆ ಸಂಬಂಧಿಸಿದ ನಿಯಮ ಬೇರೆ. ಕಲಂ 52ರ ಅನ್ವಯ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವನು, ಅದು ಕಳೆದುಹೋಗುವ ಅಥವಾ ಹಾಳಾಗುವ ಸಂದರ್ಭದ ತಾತ್ಕಾಲಿಕ ರಕ್ಷಣೆಗಾಗಿ ಅದೇ ಪ್ರತಿಯಿಂದ ಮತ್ತೊಂದು ಪ್ರತಿ ಮಾಡಿಕೊಳ್ಳುವುದು ಉಲ್ಲಂಘನೆಯಾಗುವುದಿಲ್ಲ. ಈ ವಿನಾಯಿತಿ ಡಿಸ್ಕ್ ಹೊಂದಿರುವವನಿಗೆ ಮಾತ್ರ. ಡಿಸ್ಕನ್ನು ಮಾರಿದ ಮೇಲೆ ಅದರ ಪ್ರತಿಯನ್ನು ಇಟ್ಟುಕೊಳ್ಳಲು ಈ ಆಧಾರ ಉಳಿಯುವುದಿಲ್ಲ. ಅಲ್ಲದೆ ಆಟವೊಂದರಲ್ಲಿ ಪ್ರೋಗ್ರಾಮಿನ ಜೊತೆಗೆ ಸಂಗೀತ ಮತ್ತು ದೃಶ್ಯಗಳೂ ಇರುತ್ತವೆ. ವಿನಾಯಿತಿಯ ಮಾತುಗಳು ಪ್ರೋಗ್ರಾಮಿಗೆ ಸೀಮಿತವಾಗಿರುವುದರಿಂದ ಅದನ್ನು ಹಿಗ್ಗಿಸಿ ಅರ್ಥೈಸುವುದು ಕ್ಷೇಮವಲ್ಲ.

ಹತ್ತಾರು ಆಟಗಳನ್ನು ತುಂಬಿದ ಹಾರ್ಡ್ ಡಿಸ್ಕ್‌ನೊಂದಿಗೆ ಯಂತ್ರವನ್ನು ಮಾರುವವನಿಗೆ ಈ ವಿನಾಯಿತಿ ಯಾವ ರೀತಿಯಲ್ಲೂ ಅನ್ವಯಿಸದು. ಅಲ್ಲಿ ಕಲಂ 63 ಬರುತ್ತದೆ: ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡದ ಕೃತ್ಯವಾದಲ್ಲಿ ನ್ಯಾಯಾಲಯವು ಕಾರಣಗಳನ್ನು ದಾಖಲಿಸಿ ಶಿಕ್ಷೆಯನ್ನು ಇಳಿಸಬಹುದು. ಬೆಲೆ ಪಡೆದು ಮಾರಿದ ವರ್ತಕನು ಈ ರಿಯಾಯಿತಿಯನ್ನು ನಿರೀಕ್ಷಿಸುವಂತಿಲ್ಲ. ಈ ಅಪರಾಧವು ಸಂಜ್ಞೇಯ ಹಾಗೂ ಜಾಮೀನುರಹಿತ ಎಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಿನಲ್ಲಿ ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಕಲಂ 64ರ ಪ್ರಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಯು ವಾರಂಟ್ ಇಲ್ಲದೆಯೇ ಇಂತಹ ಪ್ರತಿಗಳನ್ನು ವಶಪಡಿಸಿಕೊಳ್ಳಬಹುದು.

ವಿದೇಶದ ತೀರ್ಪುಗಳನ್ನು ನಂಬಿ ವ್ಯವಹರಿಸುವುದೂ ಸಲ್ಲದು. ಆಸ್ಟ್ರೇಲಿಯಾದ ಹೈಕೋರ್ಟ್ 2005ರಲ್ಲಿ ಸೋನಿ ಸಂಸ್ಥೆಯ ವಿರುದ್ಧ ಮಾಡ್‌ಚಿಪ್ ಮಾರಾಟಗಾರನ ಪರವಾಗಿ ತೀರ್ಪು ನೀಡಿತು. ಯಂತ್ರದಲ್ಲಿದ್ದ ತಡೆಯು ನಕಲು ಮಾಡುವುದನ್ನು ತಡೆಯುವುದಿಲ್ಲ, ನಕಲಾದುದನ್ನು ಆಡುವುದನ್ನು ಮಾತ್ರ ತಡೆಯುತ್ತದೆ ಎಂಬುದು ಅದರ ತಿರುಳು. ಮರುವರ್ಷವೇ ಆ ದೇಶವು ತನ್ನ ಕಾನೂನನ್ನು ತಿದ್ದುಪಡಿ ಮಾಡಿ ಬಿಗಿಗೊಳಿಸಿತು.

ಲೆಕ್ಕ ಮತ್ತು ತೆರಿಗೆ

ಬಳಸಿದ ವಸ್ತುಗಳ ವರ್ತಕರಿಗೆ ಕೇಂದ್ರ ಜಿ.ಎಸ್.ಟಿ. ನಿಯಮ 32(5)ರಲ್ಲಿ ಅನುಕೂಲವೊಂದಿದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆಯನ್ನು ಪಡೆಯದಿದ್ದಲ್ಲಿ, ಮಾರಾಟ ಬೆಲೆ ಮತ್ತು ಖರೀದಿ ಬೆಲೆಯ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಬರುತ್ತದೆ. ಉದಾಹರಣೆಗೆ 3,000 ರೂಪಾಯಿಗೆ ಕೊಂಡ ಯಂತ್ರವನ್ನು 4,200 ರೂಪಾಯಿಗೆ ಮಾರಿದರೆ ತೆರಿಗೆಗೆ ಒಳಪಡುವ ಮೌಲ್ಯ 1,200 ರೂಪಾಯಿ. ಆದರೆ ವಸ್ತುವನ್ನು ಇದ್ದಂತೆಯೇ, ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆಯ ನಂತರ ಮಾರಿದಾಗ ಮಾತ್ರ ಈ ಅನುಕೂಲ ಲಭ್ಯ. ಶುಚಿಗೊಳಿಸುವಿಕೆ, ಸಣ್ಣ ದುರಸ್ತಿ ಇದರೊಳಗೆ ಬರುತ್ತವೆ. ಹೊಸ ಹಾರ್ಡ್ ಡಿಸ್ಕ್ ಜೋಡಿಸಿ ಇಡಿಯಾಗಿ ಒಂದೇ ಬೆಲೆಗೆ ಮಾರಿದಲ್ಲಿ ವಿವಾದಕ್ಕೆ ಆಸ್ಪದವಾಗುತ್ತದೆ. ಯಂತ್ರದ ಬೆಲೆ, ಹೊಸ ಬಿಡಿಭಾಗದ ಬೆಲೆ ಮತ್ತು ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸುವುದು ಸೂಕ್ತ.

ವರ್ತಕರು ಅನುಸರಿಸಬೇಕಾದ ಕ್ರಮಗಳು

1. ಹಾರ್ಡ್ ಡಿಸ್ಕ್ ಮತ್ತು ಪೆನ್ ಡ್ರೈವ್‌ಗಳನ್ನು ಖಾಲಿಯಾಗಿಯೇ ಮಾರತಕ್ಕದ್ದು.

2. ಗ್ರಾಹಕರ ಹೆಸರು, ವಿಳಾಸ, ಗುರುತಿನ ವಿವರ, ಯಂತ್ರದ ಮಾದರಿ ಮತ್ತು ಕ್ರಮಸಂಖ್ಯೆ, ಕೆಲಸದ ಉದ್ದೇಶ ಇವುಗಳನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಪಡೆಯತಕ್ಕದ್ದು.

3. ಪ್ರತಿ ಮಾಡಿಕೊಳ್ಳುವ ಕೆಲಸವನ್ನು ಗ್ರಾಹಕರಿಗೇ ಬಿಡುವುದು ಕ್ಷೇಮ. ಅಂಗಡಿಯ ಕಂಪ್ಯೂಟರಿನಲ್ಲಿ ಆಟಗಳ ಸಂಗ್ರಹ ಇಡತಕ್ಕದ್ದಲ್ಲ.

4. ‘ಇಷ್ಟು ಆಟಗಳು ಉಚಿತ’ ಎಂಬ ಫಲಕ ಅಥವಾ ಜಾಹೀರಾತು ಹಾಕತಕ್ಕದ್ದಲ್ಲ. ಉದ್ದೇಶವನ್ನು ಸಾಬೀತುಪಡಿಸಲು ಅಂತಹ ಫಲಕವೊಂದೇ ಸಾಕಾಗಬಹುದು.

5. ಹಳೆಯ ಯಂತ್ರವನ್ನು ಕೊಳ್ಳುವಾಗ ಅದರೊಂದಿಗೆ ಬಂದ ಹಾರ್ಡ್ ಡಿಸ್ಕ್‌ನಲ್ಲಿ ಏನಿದೆ ಎಂಬುದನ್ನು ಪರಿಶೀಲಿಸಿ, ಅಳಿಸಿದ ನಂತರವೇ ದಾಸ್ತಾನಿಗೆ ಸೇರಿಸತಕ್ಕದ್ದು.

ತಯಾರಿಕೆ ನಿಂತ ಯಂತ್ರಕ್ಕೆ ಮರುಜೀವ ನೀಡುವುದು ಗೌರವದ ಕಸುಬು. ಅದಕ್ಕೆ ತಕ್ಕ ಕೂಲಿಯನ್ನು ಪಡೆಯುವುದು ದುರಸ್ತಿಗಾರನ ಹಕ್ಕು. ಯಂತ್ರದ ಕೆಲಸವನ್ನೂ ಆಟದ ಪ್ರತಿಗಳನ್ನೂ ಒಂದೇ ವ್ಯವಹಾರವಾಗಿ ಬೆರೆಸದೆ ಬೇರೆ ಬೇರೆಯಾಗಿಯೇ ಇಟ್ಟುಕೊಂಡರೆ ಈ ಕಸುಬನ್ನು ನಿರ್ಭಯವಾಗಿ ಮುಂದುವರಿಸಬಹುದು.