ಬಾಗಿಲು ಕೀಸುವ ಮುನ್ನ

ಇಂಗ್ಲೆಂಡಿನಲ್ಲಿ ಹಿತ್ತಲಿರುವ ಮನೆ ಮಾಡಿದ ಕನ್ನಡಿಗರು ಒಂದಲ್ಲ ಒಂದು ದಿನ ಮರದ ಶೆಡ್ ತರಿಸುತ್ತಾರೆ. ಹುಲ್ಲು ಕತ್ತರಿಸುವ ಯಂತ್ರ, ಮಕ್ಕಳ ಸೈಕಲ್ಲು, ಊರಿಂದ ಹೊತ್ತು ತಂದು ಬಳಸದೇ ಉಳಿದ ದೊಡ್ಡ ಇಡ್ಲಿ ಪಾತ್ರೆ, ಎಲ್ಲಕ್ಕೂ ಜಾಗ ಬೇಕಲ್ಲ. ಲಾರಿಯಿಂದ ಇಳಿಯುವುದು ನಾಲ್ಕು ಗೋಡೆ, ಎರಡು ಹೋಳು ಚಾವಣಿ, ನೆಲದ ಹಲಗೆ, ಒಂದು ಚೀಲ ಸ್ಕ್ರೂ-ಮೊಳೆ. ಜೋಡಿಸಿ ಆರು ತಿಂಗಳಾಗುವಷ್ಟರಲ್ಲಿ ಎಲ್ಲರದೂ ಒಂದೇ ದೂರು: ‘ಬಾಗಿಲು ಹಾಕೋಕೇ ಆಗ್ತಿಲ್ಲ, ಮಾಲೇ ಸರಿಯಿಲ್ಲ.’

ಮಾಲಿನ ತಲೆಗೆ ಕಟ್ಟುವ ಈ ತಪ್ಪು ಬಹಳ ಸಲ ನೆಲದ್ದು. ಹುಲ್ಲಿನ ಮೇಲೇ ಇಟ್ಟರೂ ನಡೆಯುತ್ತದೆ, ಸ್ವಲ್ಪ ಓರೆಯಿದ್ದರೆ ಭಾರಕ್ಕೆ ತಾನೇ ಕೂರುತ್ತದೆ ಎಂಬುದು ಜನರ ನಂಬಿಕೆ. ಕೂರುವುದೇನೋ ನಿಜ, ಆದರೆ ನಾಲ್ಕು ಮೂಲೆಯೂ ಒಂದೇ ಸಮ ಕೂರುವುದಿಲ್ಲ. ಒಂದು ಮೂಲೆ ಅರ್ಧ ಇಂಚು ಇಳಿದರೆ ಪೆಟ್ಟಿಗೆಯೆಲ್ಲ ತಿರುಚಿಕೊಳ್ಳುತ್ತದೆ, ಆಯತವಾಗಿದ್ದ ಬಾಗಿಲ ಚೌಕಟ್ಟು ವಾಲುತ್ತದೆ. ಬಾಗಿಲಿನ ಸುತ್ತ ಬಿಟ್ಟಿರುವ ಸಂದು ಕೆಲವೇ ಮಿಲಿಮೀಟರ್. ಅದು ಅಲ್ಲೇ ಮುಗಿದುಹೋಯಿತು. ಆದ್ದರಿಂದ ಚಪ್ಪಡಿಯೋ ಕಾಂಕ್ರೀಟೋ ಗಟ್ಟಿ ನೆಲ ಮೊದಲು, ಶೆಡ್ ಆಮೇಲೆ. ರಸಮಟ್ಟವನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಬೇಕು. ಮೂಲೆಮಟ್ಟ ಹಿಡಿಯಲು ನಮ್ಮ ಮೇಸ್ತ್ರಿಗಳ ಮೂರು-ನಾಲ್ಕು-ಐದರ ಹಗ್ಗದ ಲೆಕ್ಕವೇ ಸಾಕು. ಅಲ್ಲಿ ಎಲ್ಲೆಡೆ ಕಾಣುವ ಅಳತೆ 8 ಅಡಿಗೆ 6 ಅಡಿ. ಅದು ಇದೇ ಲೆಕ್ಕದ ಇಮ್ಮಡಿ, ಕರ್ಣ ಸರಿಯಾಗಿ 10 ಅಡಿ! ಕಿಟ್ಟಿನ ಅಳತೆ ಒಂದೆರಡು ಇಂಚು ಆಚೀಚೆ ಇದ್ದರೂ ಎರಡು ಕರ್ಣಗಳು ಸಮ ಬಂದರಾಯಿತು.

ನೆಲ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಸುತ್ತ ಒಂದಡಿ ಜಗಲಿ ಬಿಡುವವರಿದ್ದಾರೆ. ಸೂರಿನಿಂದ ಬಿದ್ದ ಮಳೆ ಆ ಜಗಲಿಗೆ ಬಡಿದು ಗೋಡೆಯ ಕೆಳಹಲಗೆಗೆ ಸಿಡಿಯುತ್ತದೆ, ಉಳಿದದ್ದು ನಿಧಾನ ಅಡಿಗೆ ಹರಿಯುತ್ತದೆ. ಶೆಡ್ಡಿನ ತಳದಷ್ಟೇ ಅಗಲ ಸಾಕು.

ಇನ್ನೊಂದು ನಂಬಿಕೆ ಸ್ಕ್ರೂಗಳದ್ದು. ಪ್ರತಿ ಗೋಡೆ ನಿಲ್ಲಿಸಿದ ಕೂಡಲೇ ನೆಲಕ್ಕೆ ಬಿಗಿದುಬಿಟ್ಟರೆ ಭದ್ರ ಅನ್ನಿಸುತ್ತದೆ. ಅನೇಕ ಕೈಪಿಡಿಗಳು ಹೇಳುವುದು ಇದರ ತದ್ವಿರುದ್ಧ: ಗೋಡೆಗೋಡೆ ಸೇರಿಸಿ, ಚಾವಣಿ ಕೂರಿಸಿ, ಎಲ್ಲ ಹೊಂದಿದ ಮೇಲಷ್ಟೇ ನೆಲಕ್ಕೆ ಬಿಗಿಯಿರಿ. ಮೊದಲೇ ಬಿಗಿದರೆ ನಾಲ್ಕನೇ ಗೋಡೆಯ ಹೊತ್ತಿಗೆ ಸರಿಸಲು ಎಡೆಯೇ ಇರುವುದಿಲ್ಲ. ಚೌಕಟ್ಟಿನ ತುದಿಗೆ ಸ್ಕ್ರೂ ಹಾಕುವಾಗ ಮೊದಲು ಸಣ್ಣ ತೂತು ಕೊರೆಯದಿದ್ದರೆ ಆ ಮೆದು ಪೈನ್ ಹಲಗೆ ಟಪ್ಪೆಂದು ಸೀಳುತ್ತದೆ. ನನ್ನದು ಎರಡು ಕಡೆ ಸೀಳಿತು.

‘ಪ್ರೆಶರ್ ಟ್ರೀಟೆಡ್’ ಎಂಬ ಚೀಟಿ ಕಂಡರೆ ಇನ್ನು ಬಣ್ಣ-ಗಿಣ್ಣ ಬೇಡವೆಂದು ಕೈಕಟ್ಟಿ ಕೂರುವವರು ಬಹಳ. ಮುಚ್ಚಿದ ತೊಟ್ಟಿಯೊಳಗೆ ಮರದ ಗಾಳಿ ಎಳೆದು, ಒತ್ತಡದಲ್ಲಿ ತಾಮ್ರ ಬೆರೆತ ದ್ರಾವಣವನ್ನು ಒಳಕ್ಕೆ ನುಗ್ಗಿಸುವ ವಿಧಾನವದು; ಹಲಗೆಗೆ ಬರುವ ಹಸಿರು ಛಾಯೆ ಆ ತಾಮ್ರದ್ದೇ. ಬರೀ ಅದ್ದಿ ತೆಗೆದ ಅಗ್ಗದ ಮಾಲಿಗೆ ವರ್ಷವರ್ಷ ಬಳಿಯಬೇಕು, ಇದಕ್ಕೆ ಆ ರಗಳೆ ಇಲ್ಲ ಎನ್ನುವುದು ಸರಿಯೇ. ನಮ್ಮೂರಿನ ಗೆದ್ದಲ ಕಾಟ ಬ್ರಿಟನ್ನಿನಲ್ಲಿಲ್ಲ. ಅಲ್ಲಿ ಮರವನ್ನು ಕುಂಬು ಮಾಡುವುದು ಹೆಚ್ಚಾಗಿ ಶಿಲೀಂಧ್ರ, ಈ ಔಷಧ ಅದನ್ನು ತಡೆಯುತ್ತದೆ. ನೀರನ್ನು ಮಾತ್ರ ತಡೆಯುವುದಿಲ್ಲ. ಔಷಧ ಕುಡಿದ ಹಲಗೆಯೂ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಗರಗಸ ಹಾಕಿದ ತುದಿಯಲ್ಲಿ ಔಷಧ ತಲುಪದ ಒಳಮರ ಬಯಲಾಗುತ್ತದೆ, ಅಲ್ಲಿಗೆ ಮತ್ತೆ ಬಳಿಯಲೇಬೇಕು.

ನಮ್ಮ ಹಿತ್ತಲು, ನಮ್ಮ ಶೆಡ್, ಕೇಳುವವರ್ಯಾರು ಎನ್ನುವವರಿಗೆ ಒಂದೇ ಮಾತು. ಸಾಮಾನ್ಯ ಮನೆಗೆ ಅನುಮತಿ ಬೇಕಿಲ್ಲ ನಿಜ. ಆದರೆ ಬೇಲಿಯಿಂದ 2 ಮೀಟರ್ ಒಳಗೆ ಕಟ್ಟಿದರೆ ಎತ್ತರ 2.5 ಮೀಟರ್ ದಾಟುವಂತಿಲ್ಲ, ಮನೆಯ ಮುಂಭಾಗದಲ್ಲಿ ನಿಲ್ಲಿಸುವಂತಿಲ್ಲ. ಫ್ಲ್ಯಾಟಿನವರಿಗೆ ಈ ರಿಯಾಯಿತಿಯೇ ಇಲ್ಲ.

ಮತ್ತೆ ಬಾಗಿಲಿಗೆ ಬರೋಣ. ಮಲೆನಾಡಿನ ಮನೆಯಲ್ಲಿ ಬೆಳೆದವರಿಗೆ ಆಷಾಢದ ಬಾಗಿಲು ಗೊತ್ತು, ಭುಜ ಕೊಟ್ಟು ತಳ್ಳಬೇಕು. ಹಲಗೆ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಆಟವೆಲ್ಲ ಅಗಲದಲ್ಲಿ. ಅಡ್ಡಕ್ಕೆ ಹಲಗೆ ಹಲಗೆ ಸೇರಿಸಿದ ಬಾಗಿಲಿನಲ್ಲಿ ಪ್ರತಿಯೊಂದೂ ಕೂದಲೆಳೆ ಉಬ್ಬಿದರೂ ಒಟ್ಟು ಸೇರಿ ಚೌಕಟ್ಟಿಗೆ ತಾಗುತ್ತದೆ. ಇಂಗ್ಲೆಂಡಿನ ನವೆಂಬರ್ ನಮ್ಮ ಆಷಾಢವೇ. ನಮ್ಮ ಪಕ್ಕದ ಮನೆಯವರು ಆ ತಿಂಗಳು ಕೀಸುಳಿ ತಂದು ಒಂದಂಚನ್ನು ಸೊಗಸಾಗಿ ಕೀಸಿದರು, ಬಾಗಿಲು ಬೆಣ್ಣೆಯಂತೆ ಮುಚ್ಚಿಕೊಂಡಿತು. ನಾನು ಕೀಸುಳಿ ಮುಟ್ಟದೆ ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ಒಂದು ಪಕ್ಕಕ್ಕೆ ಜಾರಿತ್ತು. ಇಳಿದ ಮೂಲೆಯನ್ನು ಸನ್ನೆಗೋಲಿನಿಂದ ಎತ್ತಿ, ತೊಲೆಯ ಕೆಳಗೆ ಎರಡು ಚೂರು ಸ್ಲೇಟು ತುರುಕಿದೆ. ಅರ್ಧ ಗಂಟೆಯ ಕೆಲಸ. ಬಾಗಿಲು ಚಳಿಗಾಲವೆಲ್ಲ ಸ್ವಲ್ಪ ಬಿಗಿಯಾಗೇ ಇತ್ತು, ಒಣಹವೆ ಬಂದ ಮೇಲೆ ಸಲೀಸಾಯಿತು. ಜೂನ್‌ನಲ್ಲಿ ಅವರು ಅದೇ ಅಂಚಿಗೆ ಬೆರಳಗಲದ ಪಟ್ಟಿ ಹೊಡೆಯುತ್ತಿದ್ದರು. ಸಂದಿನಲ್ಲಿ ಬೆಕ್ಕು ನುಗ್ಗುತ್ತಿತ್ತಂತೆ.