ಗಂಡು ಪಾರಿವಾಳವೂ ಹಾಲೂಡಿಸುತ್ತದೆ

ಪ್ರಶ್ನೆ: ಹಿತ್ತಲಲ್ಲಿ ಪಾರಿವಾಳ ಸಾಕಿದ್ದೇವೆ. ಅವು ಮರಿಗೆ ಹಾಲು ಕೊಡುತ್ತವಂತೆ, ಹೌದೇನ್ರಿ?
— ಓದುಗರೊಬ್ಬರು, ಹಾನಗಲ್ಲ

ಉತ್ತರ: ಹೌದು, ಆದರೆ ಕೆಚ್ಚಲಿನ ಹಾಲಲ್ಲ. ಹಕ್ಕಿಯ ಕೊರಳ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲವಿದೆಯಲ್ಲ, ಮೊಟ್ಟೆ ಒಡೆಯುವ ಒಂದೆರಡು ದಿನ ಮೊದಲೇ ಅದರ ಒಳಪದರ ದಪ್ಪಗಾಗಿ, ಕೊಬ್ಬು–ಪ್ರೊಟೀನು ತುಂಬಿದ ಜೀವಕೋಶಗಳು ಉದುರತೊಡಗುತ್ತವೆ. ಒಡೆದ ಗಿಣ್ಣದಂಥ ತಿಳಿಹಳದಿ ಮುದ್ದೆ ಅದು. ಇದರ ಹಿಂದಿರುವುದು ಪ್ರೊಲ್ಯಾಕ್ಟಿನ್. ಎಮ್ಮೆಯ ಕೆಚ್ಚಲಲ್ಲಿ ಹಾಲು ತಯಾರಾಗುವುದಕ್ಕೂ ಬೇಕಾದ ಹಾರ್ಮೋನು. ಗಂಡು ಹಕ್ಕಿಯೂ ಈ ಹಾಲು ಕೊಡುತ್ತದೆ! ಕಣ್ಣು ಬಿಡದ ಮರಿ ಅಪ್ಪನದೋ ಅವ್ವನದೋ ಬಾಯೊಳಗೆ ಕೊಕ್ಕು ತೂರಿಸುತ್ತದೆ, ದೊಡ್ಡ ಹಕ್ಕಿ ಕತ್ತು ಕುಲುಕಿ ಕುಲುಕಿ ಮೇಲಕ್ಕೆ ತರುತ್ತದೆ. ಮೊದಲ ಮೂರ್ನಾಲ್ಕು ದಿನ ಇದೇ ಊಟ. ಆಮೇಲೆ ನೆನೆದ ಕಾಳು ಬೆರೆಯುತ್ತ ಹೋಗುತ್ತದೆ. ಫ್ಲೆಮಿಂಗೊಗಳಲ್ಲೂ ಇಂಥದೇ ಏರ್ಪಾಡು.

ಸಾಮಾನ್ಯವಾಗಿ 2 ಮೊಟ್ಟೆ, ಕಾವು 17–18 ದಿನ. ಆ ದಿನಗಳಲ್ಲಿ ಜೋಡಿಯನ್ನು ಬೇರೆ ಮಾಡಬೇಡಿ.

ಮೇವಿನ ಮಾತಿಗೆ ಬಂದರೆ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಗೋವಿನಜೋಳಕ್ಕೆ ಬರವಿಲ್ಲ. ಹಾಗಂತ ಅದೊಂದನ್ನೇ ಸುರಿದರೆ ಪ್ರೊಟೀನು ಸಾಲದು. ಹೆಸರು, ಕಡಲೆ, ಬಿಳಿಜೋಳ ಬೆರೆಸಿ. ಸಣ್ಣ ಕಲ್ಲುಹರಳು, ಪುಡಿ ಮಾಡಿದ ಮೊಟ್ಟೆಚಿಪ್ಪು ಪಕ್ಕದಲ್ಲಿರಲಿ. ನಿಮ್ಮ ಹಾನಗಲ್ಲಿನ ಮಳೆಗಾಲದಲ್ಲಿ ಬೂಸಲು ಹಿಡಿದ ಕಾಳನ್ನು ಮಾತ್ರ ಹಾಕಲೇಬೇಡಿ. ಮರಿಯ ಗಂಟಲಲ್ಲಿ ಹಳದಿ ಗಂಟು ಕಂಡರೆ ಪಶುವೈದ್ಯರಿಗೆ ತೋರಿಸಿ. ಆ ಗಂಟಿನ ರೋಗ ಇದೇ ಹಾಲಿನಿಂದ, ಕುಡಿಯುವ ನೀರಿನಿಂದ ಹರಡುತ್ತದೆ. ಇನ್ನು ಹಿಕ್ಕೆ ಗುಡಿಸುವಾಗ ನೀರು ಚಿಮುಕಿಸಿ, ಬಾಯಿ–ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ನಿಮ್ಮ ಪುಪ್ಪುಸಕ್ಕೆ ಒಳ್ಳೆಯದಲ್ಲ.